ಜೋಡಿ ಚಿಪ್‌ನ ಕಾರ್ಡು ಮತ್ತು ನನ್ನ ಕಾಯಿಲೆ

ಮೈಕ್ರೋ... ಮೈಕ್ರೋ... ಮುಂದಿನದು ನಾಲಗೆಯ ತುದಿಗೆ ಬಂದು ನಿಂತಿದೆ, ಹೊರಗೆ ಬರುತ್ತಿಲ್ಲ. ಕಂಪ್ಯೂಟರ್ ಆಟದಲ್ಲಿ ಚಿತ್ರ ಓಡುತ್ತ ಓಡುತ್ತ ಒಂದು ಚೂರು ತಡೆದು, ಎಗರಿ, ಮತ್ತೆ ಓಡುತ್ತದಲ್ಲ, ಅದಕ್ಕೊಂದು ಹೆಸರಿದೆ. ಮೊಮ್ಮಗಳು ಎಷ್ಟೋ ಸಲ ಹೇಳಿಕೊಟ್ಟಿದ್ದಾಳೆ. ಇರಲಿ, ನೆನಪಾದಾಗ ಹೇಳುತ್ತೇನೆ. ಹೆಸರು ಮರೆತರೂ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ಇಬ್ಬರು ಗಂಡುಮಕ್ಕಳ ಮಧ್ಯೆ ಪಾಳಿಯ ಮೇಲೆ ಬದುಕುವ ಮುದುಕಿಯನ್ನು ಇಂಥ ತಮಾಷೆಗಳು ಹುಡುಕಿಕೊಂಡು ಬರುತ್ತಲೇ ಇರುತ್ತವೆ.

ನಾನು ಹುಟ್ಟಿದ್ದು ನಂಜನಗೂಡಿನ ಹತ್ತಿರ. ಮದುವೆಯಾಗಿ ಆಂಧ್ರದ ಗಡಿಯ ಆದೋನಿಗೆ ಬಂದು ಐವತ್ತು ವರ್ಷ ದಾಟಿದರೂ ಬೀದಿಯಲ್ಲಿ ನಾನಿನ್ನೂ "ಮೈಸೂರಾಕಿ". ನನ್ನ ಗಂಡ ಹತ್ತಿ ವ್ಯಾಪಾರಿ. ಅವರು ಹೋದ ಮೇಲೆ ಮಕ್ಕಳಿಬ್ಬರೂ ಮನೆ ಹಂಚಿಕೊಂಡರು. ಮಾಳಿಗೆ ದೊಡ್ಡವನಿಗೆ, ಅವನೂ ಹತ್ತಿ ದಲಾಲಿ. ಕೆಳಗಿನದು ಚಿಕ್ಕವನಿಗೆ, ಅವನಿಗೆ ಸರಕಾರಿ ಕಚೇರಿಯಲ್ಲಿ ಕೆಲಸ. ಹಾಗೆಯೇ ನನ್ನನ್ನೂ ಹಂಚಿಕೊಂಡರು. ಪಂಚಾಂಗದ ಪ್ರಕಾರ ಚೈತ್ರ ಮಾಸ ಮಾಳಿಗೆಯಲ್ಲಿ, ವೈಶಾಖ ಕೆಳಗೆ, ಜ್ಯೇಷ್ಠ ಮತ್ತೆ ಮಾಳಿಗೆಯಲ್ಲಿ, ಹೀಗೆ.

ಹಂಚದೆ ಉಳಿದದ್ದು ಒಂದೇ: ಬೀದಿಗೆ ತೆರೆಯುವ ಅಂಗಡಿ ಕೋಣೆ. ಅದನ್ನು ನನ್ನ ಗಂಡ ನನ್ನ ಹೆಸರಿಗೆ ಮಾಡಿದ್ದರು. ಹತ್ತಿ ಮೂಟೆ ಬಿದ್ದಿರುತ್ತಿದ್ದ ಆ ಕೋಣೆಯಲ್ಲಿ ಈಗ ದೊಡ್ಡವನ ಮಗಳು, ಕಂಪ್ಯೂಟರ್ ಓದಿದವಳು, ಗೇಮಿಂಗ್ ಸೆಂಟರ್ ನಡೆಸುತ್ತಾಳೆ. ಊರ ಹುಡುಗರು ಬಂದು ಆಡಿಕೊಂಡು ಹೋಗುತ್ತಾರೆ. ಮಕ್ಕಳಿಬ್ಬರ ಕಣ್ಣೂ ಆ ಕೋಣೆಯ ಮೇಲಿದೆ. ನಡುವೆ ಗೋಡೆ ಎಬ್ಬಿಸಿ, ಎರಡು ಷಟರ್ ಹಾಕಿ, ಆಚೆ ಅರ್ಧ ಈಚೆ ಅರ್ಧ ಮಾಡಬೇಕಂತೆ. ನಾನು ಹೂಂ ಅನ್ನಬೇಕು, ಅಷ್ಟೇ. ಹೂಂ ಅಂದರೆ ಹುಡುಗಿಯ ಅಂಗಡಿ ಹೋಯಿತು. ಜೊತೆಗೆ ಈ ಊರಿನಲ್ಲಿ ನನ್ನದು ಅಂತ ಇರುವ ಒಂದೇ ಬಾಗಿಲೂ ಹೋಯಿತು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಟವೆಲಿನ ಕೆಳಗೆ

ಆಟದ ಚಿತ್ರ ಚೆಂದ ಬರಬೇಕಾದರೆ ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡ್ ಅಂತ ಬೇಕು. ಕಾರ್ಡು ಅಂದರೆ ಲಗ್ನಪತ್ರಿಕೆಯಂಥದು ಅಂದುಕೊಂಡಿದ್ದೆ. ಬಂದದ್ದು ನೋಡಿದರೆ ಇಟ್ಟಿಗೆ. ಹಳೆಯ ಕಾರ್ಡು, ಯಾರೋ ಬಳಸಿ ಬಿಟ್ಟದ್ದು. ಮಾರುವ ಹುಡುಗ ಅದನ್ನು ದಿಂಬಿನ ಚೀಲದೊಳಗೆ ಇಟ್ಟುಕೊಂಡು ಹೈದರಾಬಾದಿನಿಂದ ರೈಲಿನಲ್ಲಿ ಬಂದಿದ್ದ. ಒಂದೇ ಹಲಗೆಯ ಮೇಲೆ ಎರಡು ಚಿಪ್. ಎರಡೂ ಕೂಡಿ ಕೆಲಸ ಮಾಡುತ್ತವೆ, ಒಂದು ಕಾಲದಲ್ಲಿ ಇದರ ಮುಂದೆ ಯಾವುದೂ ಇರಲಿಲ್ಲ ಎಂದು ಹೊಗಳಿದ.

ವ್ಯಾಪಾರ ಅಂದ ಕೂಡಲೇ ನನ್ನ ದೊಡ್ಡ ಮಗ ಮಾಳಿಗೆಯಿಂದ ಇಳಿದು ಬಂದ. "ನೀ ಸರಿ, ಮಗಳ. ರೇಟು ನಾ ಮಾಡ್ತೀನಿ" ಅಂದವನೇ ಹೆಗಲ ಮೇಲಿನ ಟವೆಲ್ ತೆಗೆದು ಹುಡುಗನ ಕೈ ಮೇಲೆ ಹೊದಿಸಿದ. ಅದರೊಳಗೆ ತನ್ನ ಕೈ ತೂರಿಸಿದ. ಇಲ್ಲಿಯ ಮಾರುಕಟ್ಟೆಯಲ್ಲಿ ದೊಡ್ಡ ವ್ಯಾಪಾರವೆಲ್ಲ ಹಾಗೇ. ಬಾಯಲ್ಲಿ ರೇಟು ಆಡುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ಒತ್ತುತ್ತಾರೆ, ಪಕ್ಕದವನಿಗೂ ತಿಳಿಯದ ಹಾಗೆ.

ಹುಡುಗನಿಗೆ ಅದೇನು ಗೊತ್ತು? ದೊಡ್ಡವನು ಒಂದು ಬೆರಳು ಒತ್ತಿದ. ಹುಡುಗ ನಕ್ಕ. ಎರಡು ಬೆರಳು ಹಿಡಿದು ಎಳೆದ. ಹುಡುಗ ನಗು ನಿಲ್ಲಿಸಿ ನನ್ನ ಮುಖ ನೋಡಿದ. ದೊಡ್ಡವನು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ಇಡೀ ಅಂಗೈಯನ್ನು ಹಿಸುಕಿದ.

"ಅಂಕುಲ್, ನಾ ಚೆಯ್ಯಿ ವದಲಂಡಿ," ಕೈ ಬಿಡಿ ಅಂತ ಹುಡುಗ ಅಳುವ ದನಿಯಲ್ಲಿ ಹೇಳಿದ. "ಮೀಕು ಎಂತ ಕಾವಾಲಂಟೆ ಅಂತೇ ಇವ್ವಂಡಿ." ನಿಮಗೆಷ್ಟು ಬೇಕೋ ಅಷ್ಟೇ ಕೊಡಿ.

ಒಂದರ ರೇಟಿಗೆ ಎರಡು ಚಿಪ್ ಹೊಡೆದೆ ಎಂದು ದೊಡ್ಡವನು ಅಂದು ಇಡೀ ದಿನ ಎದೆಯುಬ್ಬಿಸಿ ಓಡಾಡಿದ. ಸಂಜೆ ಕಚೇರಿಯಿಂದ ಬಂದ ಚಿಕ್ಕವನಿಗೆ ಸುದ್ದಿ ಮುಟ್ಟಿತು. ಬೂಟು ಕೂಡ ಬಿಚ್ಚದೆ ಅಂಗಡಿ ಕೋಣೆಗೆ ಬಂದು ಕಾರ್ಡು ನೋಡಿದ.

"ಕೋಣಿ ಇನ್ನೂ ಪಾಲಾಗಿಲ್ಲ, ಹೌದಿಲ್ಲೋ?"

"ಹೌದು," ಅಂದ ದೊಡ್ಡವನು.

"ಅಂದ ಮ್ಯಾಲೆ ಕೋಣ್ಯಾಗಿಂದು ಎಲ್ಲಾ ಇಬ್ಬರದೂ. ಈ ಎರಡರಾಗ ನಂದು ಯಾವುದು, ತೋರಸು."

ಹತ್ತಿಯ ಜಾತಿ

ಆ ಕಾರ್ಡು ಬಂದ ಹದಿನೈದು ದಿನಕ್ಕೆ ಒಲೆಯಾಯಿತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗುಂಯ್ ಅಂತ ಕೂಗಿಕೊಂಡು, ಬಿಸಿಯಾಗಿ, ಕಂಪ್ಯೂಟರ್ ಆರಿಹೋಗುತ್ತಿತ್ತು. ಹುಡುಗರು ಬಾಯಿಗೆ ಬಂದದ್ದು ಬೈದು ಎದ್ದು ಹೋಗುತ್ತಿದ್ದರು. ನಮ್ಮ ಬೀದಿಯಾಚೆ ಇನ್ನೊಂದು ಸೆಂಟರ್ ತೆರೆದಿದ್ದ ಕಾಲ ಅದು. ಮೊಮ್ಮಗಳ ಮುಖ ಬಾಡಿತು. "ಅಜ್ಜಿ, ಇದೊಂದು ಹೋದ್ರ ನಾ ಬಾಗಲಾ ಹಾಕಬೇಕಾಗತೈತಿ" ಅಂದಳು. ಗೋಡೆ ಎಬ್ಬಿಸುವವರಿಗೆ ಅಷ್ಟೇ ಸಾಕಾಗಿತ್ತು.

ನಾವಿಬ್ಬರೂ ಕೂತು ಬಿಚ್ಚಿದೆವು. ಕಾರ್ಡಿನ ಫ್ಯಾನಿನ ಹಿಂದೆ ಬೆಳ್ಳಗೆ ಒಂದು ಹಾಸಿಗೆ! ಎಷ್ಟೋ ವರ್ಷ ಆ ಕೋಣೆಯಲ್ಲಿ ಹತ್ತಿ ಬಿದ್ದಿತ್ತಲ್ಲ, ತೊಲೆ ಸಂದಿಯಲ್ಲಿ ಕೂತಿದ್ದ ಎಳೆಯನ್ನೆಲ್ಲ ಫ್ಯಾನು ಒಳಗೆಳೆದುಕೊಂಡಿತ್ತು. ನಾನು ಹೇರ್‌ಪಿನ್ ಹಾಕಿ ಎಳೆದೆ. ಎಳೆದಷ್ಟೂ ಬಂತು. ಒಂದು ದೀಪಾವಳಿಗಾಗುವಷ್ಟು ಬತ್ತಿ ಹೊಸೆಯಬಹುದಿತ್ತು.

ಅಷ್ಟರಲ್ಲಿ ದೊಡ್ಡವನು ಬಂದ. ಮಗಳು ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ, ಕಾರ್ಡು ಬಿಚ್ಚಿ ಬಿದ್ದಿದೆ. ಅವನು ಬಗ್ಗಿ ಆ ಹತ್ತಿಯುಂಡೆ ಎತ್ತಿಕೊಂಡ. ಎರಡು ಹೆಬ್ಬೆರಳ ನಡುವೆ ಎಳೆ ಹಿಡಿದು, ಎಳೆದು, ಬೆಳಕಿಗೆ ಹಿಡಿದು ನೋಡಿದ. ಮೂಗಿನ ಹತ್ತಿರ ತಂದ.

"ಪೆದ್ದಕಡುಬೂರಿನ ಮಾಲು," ಅಂದ. "ಎಳಿ ಉದ್ದ ಐತಿ. ಅಪ್ಪನ ಕಾಲದ್ದು. ಈಗ ಇಂಥಾದ್ದು ಎಲ್ಲಿ ಸಿಗತೈತಿ?"

"ಅಪ್ಪಾ, ಕಾರ್ಡು ಸಾಯಾಕ ಬಂದೈತಿ!" ಅಂದಳು ಮಗಳು.

"ಸಾಯವಲ್ದ್ಯಾಕ," ಅಂದ ಅವನು ಉಂಡೆಯನ್ನು ಜೇಬಿಗೆ ಇಳಿಸುತ್ತ, "ಹತ್ತಿಗಂತೂ ಏನೂ ಆಗಿಲ್ಲ."

ನಂಬರು ಸರಿ ಇದೆ

ತೊಲೆಗಳನ್ನೆಲ್ಲ ಒರೆಸಿ, ಕೋಣೆಗೆ ಎಸಿ ಹಾಕಿಸಿದ ಮೇಲೆ ಕಾರ್ಡು ಬದುಕಿಕೊಂಡಿತು. ಮನೆಯ ಮನುಷ್ಯರಿಗೆ ಫ್ಯಾನು, ಕಾರ್ಡಿಗೆ ಎಸಿ. ಆಮೇಲೆ ಶುರುವಾಯಿತು ನಾನು ಹೆಸರು ಮರೆತ ಆ ಕಾಯಿಲೆ.

ಮೊದಲು ದೂರು ತಂದವನು ಒಬ್ಬ ಲೆಕ್ಕದ ಮೇಷ್ಟ್ರು. ಶಾಲೆ ಬಿಟ್ಟ ಕೂಡಲೇ ಬಂದು ಗುಂಡು ಹಾರಿಸುವ ಆಟ ಆಡುತ್ತಿದ್ದ. ಯಾವಾಗಲೂ ಸಾಯುತ್ತಿದ್ದ. "ನಾನು ಸರಿಯಾಗೇ ಗುರಿ ಇಡ್ತೀನಮ್ಮ, ಒತ್ತೋ ಹೊತ್ತಿಗೆ ಚಿತ್ರ ಎಗರತ್ತೆ" ಅಂತ ಗೋಳು. ಅವನು ಎಲ್ಲ ಸಾವಿಗೂ ಒಂದು ಕಾರಣ ಕೊಡುವವನೇ. ಆದರೆ ಮಿಕ್ಕ ಹುಡುಗರೂ ಅದನ್ನೇ ಹೇಳತೊಡಗಿದರು.

ಭಾನುವಾರ ಮನೆಯಲ್ಲಿದ್ದ ಚಿಕ್ಕವನು ವಿಚಾರಣೆಗೆ ಬಂದ. ಕೈ ಹಿಂದೆ ಕಟ್ಟಿಕೊಂಡು ಪರದೆ ನೋಡಿದ. ಮೂಲೆಯಲ್ಲಿ ಒಂದು ನಂಬರು ಬರುತ್ತಿರುತ್ತದೆ, ಸೆಕೆಂಡಿಗೆ ಎಷ್ಟು ಚಿತ್ರ ಅಂತ. "ನಂಬರು ಎಷ್ಟಿದ್ರ ಸರಿ?" ಕೇಳಿದ. ಮೊಮ್ಮಗಳು ಹೇಳಿದಳು. "ಅದಕ್ಕಿಂತ ಜಾಸ್ತೀನ ಐತಲ್ಲ?"

"ಐತಿ ಚಿಗಪ್ಪ, ಆದ್ರ..."

"ನಂಬರು ಸರಿ ಐತಿ. ದೂರಿನ್ಯಾಗ ಹುರುಳಿಲ್ಲ." ಕಚೇರಿಯಲ್ಲಿ ಮಾಡುವ ಹಾಗೆಯೇ ವಿಲೇವಾರಿ ಮಾಡಿ ಊಟಕ್ಕೆ ಹೋದ.

ಅವನು ಹೋದ ಮೇಲೆ ಮೊಮ್ಮಗಳು ನನಗೆ ಬಿಡಿಸಿ ಹೇಳಿದಳು. "ಅಜ್ಜಿ, ಇದ್ರಾಗ ಎರಡು ಚಿಪ್ ಅದಾವಲ್ಲ, ಇಬ್ಬರೂ ಪಾಳಿ ಮ್ಯಾಲೆ ಚಿತ್ರ ಕೊಡ್ತಾರ. ಒಂದು ಈತ, ಮುಂದಿಂದು ಆತ. ನಡುವಿನ ಅಂತರ ಒಂದೇ ಸಮ ಇದ್ರ ಚಂದ. ಆದ್ರ ಇವರು ಎರಡೂ ಚಿತ್ರ ಒಂದರ ಬೆನ್ನಿಗೊಂದು ತಂದು ಒಗದು, ಆಮ್ಯಾಲೆ ಇಬ್ಬರೂ ಸುಮ್ನ ಕುಂದರತಾರ. ಒಟ್ಟು ಲೆಕ್ಕದಾಗ ಕಮ್ಮಿ ಇಲ್ಲ. ನೋಡಾಕ ಕುಂತವಗ ಮಾತ್ರ ತ್ರಾಸ."

ನಾನು ನಗಲಿಲ್ಲ. ಹಿಂದಿನ ಹುಣ್ಣಿಮೆ ನೆನಪಾಗಿತ್ತು. ಅವತ್ತು ನಮ್ಮ ಬೀಗರು ಬಂದು ಕೂತಿದ್ದರು. ಅವರೆದುರಿಗೆ ಮಾಳಿಗೆಯ ಸೊಸೆ ಒಂದು ತಟ್ಟೆ ಹೋಳಿಗೆ ತಂದಿಟ್ಟಳು. ಅದನ್ನು ಕಂಡು ಕೆಳಗಿನ ಸೊಸೆಯೂ ಒಂದು ತಟ್ಟೆ ತಂದಿಟ್ಟಳು. ಇಬ್ಬರೂ "ಉಣ್ಣತ್ತಿ, ಉಣ್ಣತ್ತಿ" ಅಂತ ನಿಂತರು. ಬೀಗರಾಕೆ ಕಣ್ತುಂಬಿಕೊಂಡು, "ನಿನ್ನಂಥ ಪುಣ್ಯವಂತಿ ಯಾರದಾರವ್ವ, ಇಬ್ಬಿಬ್ಬರು ಗಂಡುಮಕ್ಕಳು!" ಅಂದಳು. ಮಾರನೇ ದಿನ ಬೀಗರು ಹೋದರು. ಅತ್ತೆ ನಿನ್ನೆ ಕೆಳಗಿನವರ ಹೋಳಿಗೆ ಉಳಿಸಿಕೊಂಡಿರುತ್ತಾಳೆ ಎಂದು ಮೇಲಿನವಳು, ಈ ತಿಂಗಳು ಮೇಲಿನವರದು ಎಂದು ಕೆಳಗಿನವಳು. ಸಂಜೆವರೆಗೆ ನನಗೆ ಯಾರೂ ತಟ್ಟೆ ಇಡಲಿಲ್ಲ.

ಅದನ್ನೇ ಹೇಳಿದೆ: "ನಿನ್ನ ಕಾರ್ಡಿನ ಕಾಯಿಲೆ ನನಗೆ ಮೊದಲಿಂದಲೂ ಇದೆ ಕಣೇ. ಆದರೆ ನಂಬರು ಸರಿ ಇದೆ."

ಎಲ್ಲಿದ್ದಾಳೋ ಅಲ್ಲೇ

ಈಗ ಅಧಿಕ ಮಾಸದ ಕಥೆ. ಪಂಚಾಂಗದ ಪ್ರಕಾರ ನನ್ನನ್ನು ಹಂಚಿದ್ದರು ಅಂದೆನಲ್ಲ, ಹಂಚುವಾಗ ಯಾರಿಗೂ ಹೊಳೆಯದ ಒಂದು ಮಾತಿತ್ತು. ಕೆಲವು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಆ ವರ್ಷ ಜ್ಯೇಷ್ಠ ಎರಡು ಬಂತು: ಮೊದಲು ಅಧಿಕ ಜ್ಯೇಷ್ಠ, ಅದು ಮುಗಿದ ಮೇಲೆ ನಿಜ ಜ್ಯೇಷ್ಠ.

ವೈಶಾಖ ಮುಗಿದ ಮಾರನೆಯ ಬೆಳಿಗ್ಗೆ ಕೆಳಗಿನ ಸೊಸೆ ನನ್ನ ಚೀಲ ತುಂಬಿ, ಮೇಲೆ ನನ್ನ ಕನ್ನಡಕದ ಡಬ್ಬಿಯನ್ನೂ ಇಟ್ಟು, ಬಾಗಿಲ ಹತ್ತಿರ ತಂದಿಟ್ಟಳು. ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ದೊಡ್ಡವನ ಕೂಗು.

"ಅವ್ವ, ನಿಂದರು! ಜ್ಯೇಷ್ಠ ನಂದು ಖರೆ. ಆದ್ರ ನಿಜ ಜ್ಯೇಷ್ಠ. ಇದು ಅಧಿಕ."

ಕೆಳಗಿನಿಂದ ಚಿಕ್ಕವನು: "ನಂದು ವೈಶಾಖ. ಮುಗೀತು. ಮುಂದಿಂದು ನನಗ ಸಂಬಂಧ ಇಲ್ಲ."

"ತಮ್ಮಾ, ಹೆಚ್ಚಿಗಿ ಬಂದದ್ದು ಹಿಂದಿನ ತಿಂಗಳದ ಬಾಲ ಇದ್ದಂಗ."

"ಅಣ್ಣಾ, ಅದರ ಹೆಸರ ಜ್ಯೇಷ್ಠ ಐತಿ. ಹೆಸರು ನಿಂದು, ತಿಂಗಳಾನೂ ನಿಂದ."

ನಾನು ನಡುವೆ. ಅರ್ಧ ತಾಸು ಇದೇ ನಡೆಯಿತು. ಆಮೇಲೆ ದೊಡ್ಡವನು ಪಾಲು ಮಾಡಿಸಿದ ಹಿರಿಯರಿಗೆ ಫೋನು ಹಚ್ಚಿದ. ಅವರು ನನ್ನ ಗಂಡನ ಗೆಳೆಯರು, ನಂದವರಂನಲ್ಲಿರುತ್ತಾರೆ, ಮಾತಿಗೆ ತೂಕ ಇರುವವರು. ಸ್ಪೀಕರ್ ಹಾಕಿ ಇಬ್ಬರೂ ಕಿವಿಗೊಟ್ಟರು. ಹಿರಿಯರು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

"ಅಧಿಕ ಮಾಸದಾಗ ಮನಿ ಬದಲಿ ಮಾಡಬಾರದಪ್ಪ. ನಿಮ್ಮವ್ವ ಈಗ ಎಲ್ಲಿದ್ದಾಳೋ ಅಲ್ಲೇ ಇರಲಿ."

ನಾನು ಮೆಟ್ಟಿಲ ಮೇಲಿದ್ದೆ.

ಗುಂಡಿನ ಸದ್ದು

ಚೀಲ ಇಳಿಸಿಕೊಂಡವಳು ಮೊಮ್ಮಗಳು. ಅಂಗಡಿ ಕೋಣೆಯ ಮೂಲೆಯಲ್ಲಿ ಒಂದು ಮಂಚ ಹಾಕಿ, ಪರದೆ ಕಟ್ಟಿದಳು. ಅಡುಗೆಗೆ ಒಂದು ಒಲೆ. ಹೊರಗೆ ಆದೋನಿಯ ಬಿಸಿಲು ಕಲ್ಲು ಸುಡುತ್ತಿತ್ತು; ನಾನು ಕಾರ್ಡುಗಳ ಜೊತೆ ಎಸಿಯಲ್ಲಿ ಮಲಗಿದೆ. ಪರದೆಯಾಚೆ ಹುಡುಗರು ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುತ್ತಿದ್ದರು. ಸತ್ತವನು ಎದ್ದು ಬಂದು, "ಅವ್ವಾ, ಮಂಚಿನೀಳ್ಳು" ಅಂತ ನೀರು ಕೇಳಿ ಕುಡಿದು ಮತ್ತೆ ಹೋಗಿ ಸಾಯುತ್ತಿದ್ದ. ಇಲ್ಲಿಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಇಷ್ಟು ಜನ ಮೊಮ್ಮಕ್ಕಳು ನನಗೆ ಯಾವತ್ತೂ ಇರಲಿಲ್ಲ. ಮೇಷ್ಟ್ರು ಆಡುವಾಗ ನಾನೇ ಹಿಂದೆ ನಿಂತು, "ಗೋಡೆ ಹಿಂದೆ ಒಬ್ಬ ಇದಾನೆ, ನೋಡಪ್ಪ!" ಅಂತ ಕೂಗುತ್ತಿದ್ದೆ. ಅವನು ನನ್ನ ಕಡೆ ತಿರುಗಿ "ಎಲ್ಲಮ್ಮ?" ಅಂತ ಕೇಳುವಷ್ಟರಲ್ಲಿ ಸಾಯುತ್ತಿದ್ದ.

ಆ ತಿಂಗಳಲ್ಲೇ ಮೊಮ್ಮಗಳು ಕಾರ್ಡಿನ ಕಾಯಿಲೆ ವಾಸಿ ಮಾಡಿದಳು. ಏನೇನೋ ಒತ್ತಿ ನೋಡಿ ಸೋತು, ಕೊನೆಗೆ ಎರಡು ಚಿಪ್‌ನಲ್ಲಿ ಒಂದನ್ನು ಆರಿಸಿಯೇ ಬಿಟ್ಟಳು. ಮೂಲೆಯ ನಂಬರು ಕೆಳಗಿಳಿಯಿತು. ಚಿತ್ರ ಮಾತ್ರ ಎಣ್ಣೆ ಸುರಿದ ಹಾಗೆ ಹರಿಯಿತು. ಮೇಷ್ಟ್ರು ಅವತ್ತು ಮೊದಲ ಸಲ ಯಾರನ್ನೋ ಕೊಂದ. ಖುಷಿಗೆ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದ.

ಬಜ್ಜಿ ತಿನ್ನುತ್ತ ಮೊಮ್ಮಗಳು ಕೇಳಿದಳು, "ಅಜ್ಜಿ, ಈ ಗದ್ದಲದಾಗ ನಿನಗ ನಿದ್ದಿ ಬರತೈತೇನ?"

"ಮೇಲೆ ಮಲಗಿದರೆ ಕೆಳಗಿನವರು ಏನಂದಾರು, ಕೆಳಗೆ ಮಲಗಿದರೆ ಮೇಲಿನವರು ಏನಂದಾರು ಅನ್ನೋ ಚಿಂತೆ ಕಣೇ," ಅಂದೆ. "ಇಲ್ಲಿ ಬರೀ ಗುಂಡು ಹಾರಿಸ್ತಾರೆ."

ಹಾರ್ಟಿಂದು

ಅಧಿಕ ಮಾಸ ಮುಗಿಯಿತು. ಮರುದಿನ ಮಕ್ಕಳಿಬ್ಬರೂ ಜೊತೆಯಾಗಿ ಅಂಗಡಿ ಕೋಣೆಗೆ ಬಂದರು. ಜೊತೆಯಾಗಿ ಬಂದರೆ ಏನೋ ಇದೆ ಎಂದೇ ಅರ್ಥ. ದೊಡ್ಡವನ ಕೈಯಲ್ಲಿ ಅಳತೆಯ ಟೇಪು.

"ಅವ್ವ, ಮ್ಯಾಲೆ ನಡಿ. ನಿಜ ಜ್ಯೇಷ್ಠ ನಂದು," ಅಂದ. "ಹಂಗ ಈ ಗ್ವಾಡಿ ಮಾತೂ ಇವತ್ತ ಮುಗಿಸೂಣು. ನೀ ಒಂದು ಹೂಂ ಅನ್ನು."

ಚಿಕ್ಕವನು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಒಂದೇ ವಸ್ತುವನ್ನು ಜಗಳವಿಲ್ಲದೆ ಹಿಡಿದದ್ದು ಅದೇ ಮೊದಲು. ಟೇಪು ನನ್ನ ಮಂಚದ ಮೇಲೆ ಹಾದುಹೋಯಿತು. ಗೋಡೆ ಸರಿಯಾಗಿ ನನ್ನ ದಿಂಬಿನ ಮೇಲೆ ಬರುವುದಿತ್ತು. ಮೊಮ್ಮಗಳು ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತಳು.

ನಾನು ಮಂಚದಿಂದ ಏಳಲಿಲ್ಲ. "ನನಗೆ ಒಂದು ಕಾಯಿಲೆ ಬಂದಿದೆಯಪ್ಪ," ಅಂದೆ.

ಟೇಪು ಸಡಿಲವಾಯಿತು. "ಏನು?"

"ಮೈಕ್ರೋ ಸ್ಟಟರ್."

ಹಾ! ಇದೇ ನೋಡಿ ಆ ಪದ. ಅವತ್ತೂ ಹೀಗೇ, ಬೇಕಾದಾಗ ತಾನಾಗಿ ಬಂತು.

ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ದೊಡ್ಡವನ ಮುಖ ಬಿಳಿಚಿಕೊಂಡಿತು. "ಹಾರ್ಟಿಂದೇನವ್ವ?"

"ಹೌದಪ್ಪ. ಹಾರ್ಟಿಂದೇ."

"ಯಾರು ಹೇಳಿದ್ರು?" ಕೇಳಿದ ಚಿಕ್ಕವನು.

"ನಿನ್ನ ಅಣ್ಣನ ಮಗಳೇ ಪತ್ತೆ ಹಚ್ಚಿದ್ದು. ಕಂಪ್ಯೂಟರಿನಲ್ಲಿ ಎಲ್ಲಾ ಇದೆ. ಕೇಳು ಬೇಕಾದರೆ."

ಹುಡುಗಿ ಜಾಣೆ. ಸುಳ್ಳು ಹೇಳಲಿಲ್ಲ. "ಹೌದು ಚಿಗಪ್ಪ," ಅಂದಳು ನೆಲ ನೋಡುತ್ತ. "ಎರಡು ಕಡಿ ಪಾಳಿ ಬಿದ್ರ ಬರತೈತಿ. ಔಷಧಿಲ್ಲ. ಎರಡರಾಗ ಒಂದನ್ನ ಬಂದ್ ಮಾಡಬೇಕು, ಅಷ್ಟ."

"ಅಂದರೆ," ಅಂದೆ ನಾನು, "ಇನ್ನು ನಾನು ಮೇಲಕ್ಕೂ ಕೆಳಕ್ಕೂ ಓಡಾಡುವ ಹಾಗಿಲ್ಲ. ಇರುವಷ್ಟು ದಿನ ಒಬ್ಬರ ಹತ್ತಿರವೇ ಇರಬೇಕು. ಯಾರ ಹತ್ತಿರ, ನೀವೇ ಹೇಳಿ."

ಹೇಳಿ ಇಬ್ಬರ ಮುಖವನ್ನೂ ನೋಡಿದೆ. ನನಗೆ ಒಂದು ಸಣ್ಣ ಆಸೆ ಇತ್ತು, ಇಲ್ಲ ಅನ್ನಲಾರೆ. ಇಬ್ಬರಲ್ಲಿ ಯಾರಾದರೊಬ್ಬ "ನನ್ನ ಹತ್ತಿರ" ಅಂದಿದ್ದರೆ, ಗೋಡೆಗೂ ಹೂಂ ಅಂದುಬಿಡುತ್ತಿದ್ದೆನೋ ಏನೋ.

ದೊಡ್ಡವನು ಗಂಟಲು ಸರಿಮಾಡಿಕೊಂಡ. "ಅವ್ವ, ಮೆಟ್ಟಿಲ ಹತ್ತೂದು ನಿನಗ ಆಗೂದಿಲ್ಲ. ತಮ್ಮನ ಮನಿ ನೆಲದ ಮ್ಯಾಲೆ ಐತಿ. ಅವನ ಹೆಂಡ್ತಿ ಕೈ ಅಡಿಗಿನೂ ನಿನಗ ಒಗ್ಗತೈತಿ." ತಮ್ಮನ ಹೆಂಡತಿಯ ಅಡುಗೆಯ ಬಗ್ಗೆ ಅವನು ಒಂದು ಒಳ್ಳೆಯ ಮಾತಾಡಿದ್ದು ಅವತ್ತೊಂದೇ ದಿನ.

"ಛೇ, ಅಣ್ಣ ಇರೂವಾಗ ನಾ ಹೆಂಗ ಇಟ್ಕೋಬೇಕು?" ಅಂದ ಚಿಕ್ಕವನು. "ಹಿರೇಮಗ ಆತ. ಪುಣ್ಯ ಆತಗ ಹೋಗಬೇಕು. ನಾ ಅಡ್ಡ ಬರೂದಿಲ್ಲ."

"ನಾ ಬಿಟ್ಟುಕೊಡ್ತೀನೋ ತಮ್ಮಾ."

"ಬ್ಯಾಡ ಅಣ್ಣಾ, ನೀನ ತಗೋ."

ಟವೆಲಿನ ಕೆಳಗೆ ಬೆರಳು ಒತ್ತುವುದೊಂದು ಬಾಕಿ ಇತ್ತು.

"ಸಾಕು," ಅಂದೆ. "ಇಬ್ಬರೂ ಬೇಡ. ನಾನು ಈ ಕೋಣೆಯಲ್ಲೇ, ಈ ಹುಡುಗಿ ಜೊತೆ ಇರ್ತೀನಿ. ಆದರೆ ನಡುವೆ ಗೋಡೆ ಬಂದರೆ ಮಂಚ ಹಿಡಿಸೋದಿಲ್ಲ. ಮಂಚ ಹಿಡಿಸದಿದ್ದರೆ ನಾನು ಮತ್ತೆ ನಿಮ್ಮಲ್ಲಿಗೇ ಬರಬೇಕು."

"ಹಂಗ ಆಗಲಿ, ಅವ್ವ!" ಅಂದರು ಇಬ್ಬರೂ.

ಒಂದೇ ಉಸಿರಿನಲ್ಲಿ. ಒಬ್ಬನ ಮಾತು ಮುಂದಾಗಲಿಲ್ಲ, ಇನ್ನೊಬ್ಬನದು ಹಿಂದಾಗಲಿಲ್ಲ. ಆ ಎರಡು ಚಿಪ್ ಒಂದು ದಿನವೂ ಅಷ್ಟು ಸಮವಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಟೇಪು ಸರ್ರನೆ ಸುತ್ತಿಕೊಂಡು ದೊಡ್ಡವನ ಜೇಬು ಸೇರಿತು.

ಬಾಗಿಲು ದಾಟಿ ಹೋದವರು ಏನೋ ಪಿಸುಗುಟ್ಟಿಕೊಂಡು ಮತ್ತೆ ಇಣುಕಿದರು. ಎದೆ ಹಾರಿತು ನನಗೆ, ಮನಸ್ಸು ಬದಲಾಯಿತೇನೋ ಅಂತ.

"ಅವ್ವ," ಅಂದ ದೊಡ್ಡವನು, "ಆ ರೋಗದ ಹೆಸರು ಏನಂದಿ? ನಾಳೆ ಬೀಗರು ಕೇಳಿದ್ರ ಹೇಳಬೇಕಲ್ಲ."

ನಾನು ಬಾಯಿ ತೆರೆದೆ. ಮೈಕ್ರೋ ಬಂತು, ಮುಂದಿನದು ಬರಲಿಲ್ಲ. ಮೊಮ್ಮಗಳ ಕಡೆ ತಿರುಗಿದೆ.

"ಬರೆದುಕೊಡು ಕಣೇ ಇವರಿಗೆ, ದೊಡ್ಡ ಅಕ್ಷರದಲ್ಲಿ. ಎರಡು ಚೀಟಿ ಬರಿ. ಒಂದೇ ಕೊಟ್ಟರೆ ಹರಿದು ಹಂಚಿಕೊಳ್ತಾರೆ."